ನೀರನ್ನು ಮೂಸುವ ನರ್ತೆ

(ಕಾಸರಗೋಡು ಜಿಲ್ಲೆಯ ಒಂದು ಹಳ್ಳಿಯ ವಾಚನಾಲಯದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಮೇಜಿನ ಮೇಲೆ ಎರಡು ಹಾರ್ಲಿಕ್ಸ್ ಬಾಟ್ಲಿ ಇಟ್ಟಿದ್ದೇನೆ. ಎರಡರಲ್ಲೂ ಮುಕ್ಕಾಲು ಮಟ್ಟಕ್ಕೆ ನೀರು, ತಳದಲ್ಲಿ ಹನ್ನೆರಡು ಹನ್ನೆರಡು ಪುಟ್ಟ ಬಸವನಹುಳು. ಹಿಂದಿನ ಸಾಲಿನವರಿಗೆ ಕಾಣಲಿಕ್ಕಿಲ್ಲ. ಒಂದೊಂದೂ ಹೆಚ್ಚೆಂದರೆ ಕಡಲೆಬೀಜದ ಗಾತ್ರ. ಇವು ನಮ್ಮ ಗದ್ದೆಯವಲ್ಲ. ಮೊಮ್ಮಗಳು ಮೀನಿನ ತೊಟ್ಟಿಗೆ ಅಂತ ಪೇಟೆಯಿಂದ ಒಂದು ಕಟ್ಟು ನೀರುಗಿಡ ತಂದಿದ್ದಳು. ಅದರ ಎಲೆಗೆ ಅಂಟಿಕೊಂಡು ಪುಕ್ಕಟೆ ಬಂದವು. ಮೂರು ತಿಂಗಳಲ್ಲಿ ತೊಟ್ಟಿ ತುಂಬಾ ಅವೇ ಆದವು.

ಇನ್ನೊಂದು ಡಬ್ಬಿಯಲ್ಲಿ ಬೇರೆ ಮೂರು ಹುಳ ಇವೆ. ಅವನ್ನು ಒಂದು ಚಮಚ ನೀರಿನಲ್ಲಿ ಜಜ್ಜಿ, ಆ ನೀರನ್ನು ಎಡಗಡೆಯ ಬಾಟ್ಲಿಗೆ ಹಾಕುತ್ತೇನೆ. ಬಲಗಡೆಯ ಬಾಟ್ಲಿಗೆ ಒಂದು ಚಮಚ ಬರೀ ನೀರು. "ಮಾಷ್ಟ್ರೇ, ಪಾಪ ಬರ್ತದೆ" ಅಂತ ಅಲ್ಲಿಂದ ಯಾರೋ ಹೇಳಿದಿರಿ. ಬರ್ತದೆ. ಮೂರು ಹುಳದ ಪಾಪ ನನ್ನ ಲೆಕ್ಕಕ್ಕೇ ಇರಲಿ. ಎದುರಿನ ಸಾಲಿನ ಮಕ್ಕಳು ಬಾಟ್ಲಿಗಳ ಮೇಲೆ ಒಂದು ಕಣ್ಣು ಇಟ್ಟಿರಿ. ಏನಾದರೂ ಆದರೆ ನನ್ನ ಮಾತು ತಡೆದು ಹೇಳಿ. ಏನೂ ಆಗದೆಯೂ ಇರಬಹುದು. ಹೋದ ವಾರ ಮನೆಯಲ್ಲಿ ಇದನ್ನೇ ಮಾಡಿ ನೋಡಿದಾಗ ಒಂದು ಹುಳವೂ ಕದಲಲಿಲ್ಲ. ಆಮೇಲೆ ನೆನಪಾಯಿತು, ಬಾವಿಗೆ ಹಿಂದಿನ ದಿನವಷ್ಟೇ ಬ್ಲೀಚಿಂಗ್ ಪೌಡರ್ ಹಾಕಿದ್ದೆವು. ಇವತ್ತಿನದು ಮಳೆನೀರು.

ಅದು ಅಲ್ಲಿರಲಿ. ಹೆಸರಿನಿಂದ ಶುರು ಮಾಡೋಣ. ಕನ್ನಡದಲ್ಲಿ ಬಸವನಹುಳು. ತಲೆಯ ಮೇಲೆ ಎರಡು ಕೊಂಬು ಕಂಡಿತು, ಬಸವ ಅಂದೆವು. ಆದರೆ ಆ ಕೊಂಬಿನಲ್ಲಿ ಹಾಯುವುದಕ್ಕೆ ಆಗುವುದಿಲ್ಲ. ಮುಟ್ಟಿದರೆ ಒಳಗೆ ಹೋಗುತ್ತದೆ. ಅದು ಕುರುಡರ ಕೈಯ ಕೋಲಿನ ಹಾಗೆ, ಮುಟ್ಟಿ ತಿಳಿಯಲಿಕ್ಕೆ, ವಾಸನೆ ತಿಳಿಯಲಿಕ್ಕೆ. ಮಲಯಾಳದಲ್ಲಿ ಒಚ್ಚ್ ಅನ್ನುತ್ತಾರೆ. ತುಳುವಿನಲ್ಲಿ ನರ್ತೆ. ಇಲ್ಲಿರುವ ಎಲ್ಲರಿಗೂ ನರ್ತೆ ಅಂದರೆ ಗದ್ದೆ ನೆನಪಾಗುತ್ತದೆ, ಅಲ್ವಾ? ನಾನು ಸಣ್ಣವನಿದ್ದಾಗ ಆಟಿ ತಿಂಗಳಲ್ಲಿ ನೆರೆಮನೆಯ ಅಕ್ಕ ಬುಟ್ಟಿ ಹಿಡಿದು ಬೈಲಿಗೆ ಇಳಿಯುತ್ತಿದ್ದರು. ಸಂಜೆ ಅವರ ಅಡಿಗೆಮನೆಯಿಂದ ಬರುವ ಪರಿಮಳ ನಮ್ಮ ಜಗಲಿಯವರೆಗೆ ಬರುತ್ತಿತ್ತು. ನಮ್ಮ ಮನೆಯಲ್ಲಿ ತಿನ್ನುವ ಕ್ರಮ ಇರಲಿಲ್ಲ. ಹಾಗಾಗಿ ನಾನು ಅವರ ಬಾಗಿಲಲ್ಲಿ ಕೂತು ಸುಮ್ನೆ ನೋಡುತ್ತಿದ್ದೆ. ಚಿಪ್ಪಿನ ಹಿಂದಿನ ಚೂಪು ತುದಿಯನ್ನು ಕತ್ತಿಯ ಬೆನ್ನಿನಿಂದ ಟಕ್ ಅಂತ ಒಡೆಯುತ್ತಿದ್ದರು. ಬೆಂದ ಮೇಲೆ ಬಾಯಿ ಕಡೆಯಿಂದ ಚೀಪಿದರೆ ಮಾಂಸ ಸುಲಭವಾಗಿ ಬರುತ್ತದೆ. ತುದಿ ಒಡೆಯದಿದ್ದರೆ ಎಷ್ಟು ಚೀಪಿದರೂ ಬರುವುದಿಲ್ಲ, ಹಿಂದಿನಿಂದ ಗಾಳಿ ಹೋಗಬೇಕು. ನರ್ತೆಯ ಕೋಟೆಗೆ ಮನುಷ್ಯ ಹುಡುಕಿದ ಹಿಂಬಾಗಿಲು ಅದು. ಕೊಕ್ಕರೆ, ಏಡಿ, ಜಿಗಣೆ, ಮೀನು, ಆಮೆ, ನೀರು ತಿಗಣೆ, ಒಂದೊಂದೂ ಅದಕ್ಕೆ ಬೇರೆ ಬೇರೆ ಬಾಗಿಲು ಹುಡುಕಿವೆ.

ಮೊದಲು ಚಿಪ್ಪು. ಇದು ನಮ್ಮ ತೋಟದ ಕೆಳಗಿನ ತೋಡಿನಲ್ಲಿ ಸಿಕ್ಕಿದ್ದು. ಕೈಯಿಂದ ಕೈಗೆ ದಾಟಿಸಿ, ಬೆರಳಲ್ಲಿ ಮುಟ್ಟಿ ನೋಡಿ. ಹೊಟ್ಟೆಯ ಭಾಗ ಹಸಿರು ಮಿಶ್ರ ಕಂದು, ನುಣುಪು. ತುದಿ ಮಾತ್ರ ಬೋಳು. ಬಿಳಿಯಾಗಿ, ಹಲ್ಲು ಹುಳುಕು ಹಿಡಿದ ಹಾಗೆ ಸವೆದಿದೆ. ಚಿಪ್ಪು ಅಂದರೆ ಸುಣ್ಣ, ನಾವು ವೀಳ್ಯದೆಲೆಗೆ ಹಚ್ಚುವ ಸುಣ್ಣದ ಹತ್ತಿರದ ನೆಂಟ. ಅದರ ಮೇಲೆ ತೆಳ್ಳಗೆ ವಾರ್ನಿಶ್ ಬಳಿದ ಹಾಗೆ ಒಂದು ಹೊದಿಕೆ. ಕಂದು ಬಣ್ಣ ಅದರದ್ದು. ಸುಣ್ಣವನ್ನು ಹುಳ ನೀರಿನಿಂದ ಮತ್ತು ತಿನ್ನುವ ಪಾಚಿಯಿಂದ ಪಡೆಯಬೇಕು. ನಮ್ಮ ಊರಿನ ಸಮಸ್ಯೆ ಇಲ್ಲೇ. ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ. ನೆಲ ಮುರಕಲ್ಲು. ಆ ಮಳೆ ಸಾವಿರಾರು ವರ್ಷ ಮಣ್ಣಿನ ಸುಣ್ಣವನ್ನೆಲ್ಲ ತೊಳೆದು ಸಮುದ್ರಕ್ಕೆ ಕಳಿಸಿದೆ. ನಮ್ಮ ಬಾವಿಯ ನೀರು ಸ್ವಲ್ಪ ಹುಳಿ ಸ್ವಭಾವದ್ದು, ತೋಟಕ್ಕೆ ಸುಣ್ಣ ಹಾಕಿ ಅಂತ ಕೃಷಿ ಆಫೀಸಿನವರು ಹೇಳುವುದು ಅದಕ್ಕೇ. ಆ ವಾರ್ನಿಶ್ ಎಲ್ಲಿ ಉಜ್ಜಿ ಹೋಯಿತೋ ಅಲ್ಲಿ ಹುಳಿ ನೀರು ಸುಣ್ಣವನ್ನು ಕರಗಿಸುತ್ತದೆ. ತುದಿ ಅಂದರೆ ಹುಳದ ಬಾಲ್ಯ, ಚಿಪ್ಪಿನ ಅತಿ ಹಳೆಯ ಭಾಗ. ಅದಕ್ಕೆ ಅದೇ ಮೊದಲು ಬೋಳಾಗುವುದು. ಹುಳ ಒಳಗಿನಿಂದ ಮತ್ತೆ ಮತ್ತೆ ಸುಣ್ಣ ಮೆತ್ತಿ ತೇಪೆ ಹಾಕುತ್ತಿರುತ್ತದೆ. ನಮ್ಮ ಹಳೇ ಮನೆಗಳ ಮಾಡಿನ ಕತೆಯ ಹಾಗೆಯೇ.

ಇನ್ನೊಂದು ಗುರುತು ಇದೆ ಈ ಚಿಪ್ಪಿನಲ್ಲಿ. ಬಾಯಿಯಿಂದ ಎರಡು ಬೆರಳು ಹಿಂದಕ್ಕೆ, ಅಡ್ಡಕ್ಕೆ ಒಂದು ಗೆರೆ. ಗರಗಸದ ಬಾಯಿಯಂತೆ ಅಂಕುಡೊಂಕು. ಅದರಾಚೆ ಬಣ್ಣ ಸ್ವಲ್ಪ ಬೇರೆ. ಇದು ಗಾಯದ ಕಲೆ. ಒಂದು ದಿನ ಏಡಿ ಇದರ ಬಾಯಿಯ ಅಂಚನ್ನು ಹಿಡಿದು ಹಪ್ಪಳ ಮುರಿದ ಹಾಗೆ ಚೂರು ಚೂರೇ ಮುರಿದಿರಬೇಕು. ಹುಳ ಒಳಗೊಳಗೆ ಸರಿಯಿತು. ಏಡಿ ಎಲ್ಲಿವರೆಗೆ ಮುರಿದೀತು? ಸಾಕಾಗಿ ಬಿಟ್ಟು ಹೋಗಿದೆ. ಹುಳ ಮುರಿದ ಅಂಚಿನಿಂದಲೇ ಮತ್ತೆ ಚಿಪ್ಪು ಕಟ್ಟಿದೆ. ಚಿಪ್ಪಿನ ಸುರುಳಿ ಇಷ್ಟು ಒಳಕ್ಕೆ ಹೋಗುವುದರಲ್ಲಿ ಇಂಥ ಲಾಭವೂ ಉಂಟು. ಕೋಣೆಯೊಳಗೆ ಕೋಣೆ ಇದ್ದರೆ ಎದುರಿನ ಬಾಗಿಲು ಮುರಿದರೂ ಜೀವ ಉಳಿಯುತ್ತದೆ. ತೋಡಿಗೆ ಹೋದಾಗ ಖಾಲಿ ಚಿಪ್ಪುಗಳನ್ನು ತಿರುಗಿಸಿ ನೋಡಿ, ಇಂಥ ಕಲೆ ಇದ್ದರೆ ಮಕ್ಕಳಿಗೆ ತೋರಿಸಿ.

ಈಗ ಮುಚ್ಚಳ. ಗದ್ದೆಯ ದೊಡ್ಡ ನರ್ತೆಗೆ ವಿಜ್ಞಾನದಲ್ಲಿ ಪೈಲಾ ಅಂತ ಹೆಸರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದವರು ಇದನ್ನು ಕೊಯ್ದಿರುತ್ತೀರಿ. ಅದರ ಪಾದದ ಹಿಂಬದಿಯ ಬೆನ್ನಿಗೆ ಒಂದು ಗಟ್ಟಿ ತಟ್ಟೆ ಅಂಟಿಕೊಂಡಿರುತ್ತದೆ. ಹುಳ ನಡೆಯುವಾಗ ಅದು ಹಿಂದೆ ಬಾಲದ ಮೇಲೆ ಸುಮ್ನೆ ಕೂತಿರುತ್ತದೆ, ಕೆಲಸ ಇಲ್ಲದವರ ಹಾಗೆ. ಹೆದರಿಕೆಯಾದಾಗ ನೋಡಬೇಕು. ಮೊದಲು ತಲೆ ಒಳಗೆ. ಆಮೇಲೆ ಪಾದ ಅಡ್ಡಕ್ಕೆ ಮಡಚಿ, ಚಾಪೆ ಮಡಚಿದ ಹಾಗೆ, ಒಳಗೆ. ಕೊನೆಗೆ ಬಾಲ. ಬಾಲದ ಬೆನ್ನಿನ ತಟ್ಟೆ ಬಂದು ಬಾಯಿಗೆ ಸರಿಯಾಗಿ ಕೂರುತ್ತದೆ. ಕೀಲಿ ಹಾಕಿದ ಹಾಗೆ. ಒಳಗೆ ಚಿಪ್ಪಿನ ನಡುಗಂಬಕ್ಕೆ ಒಂದು ದಪ್ಪ ಸ್ನಾಯು ಕಟ್ಟಿದೆ. ಎಳೆಯುವುದು ಅದೇ. ಪೈಲಾದ ಮುಚ್ಚಳದಲ್ಲಿ ಸುಣ್ಣ ಇರುತ್ತದೆ, ಅದಕ್ಕೇ ಉಗುರಿಂದ ತಟ್ಟಿದರೆ ಪಿಂಗಾಣಿ ಸದ್ದು.

ಈ ಮುಚ್ಚಳ ಶತ್ರುವಿಗೆ ಮಾತ್ರ ಅಲ್ಲ, ಬೇಸಿಗೆಗೂ. ಏಪ್ರಿಲಿನಲ್ಲಿ ಕೆರೆಯ ಕೆಸರು ಎತ್ತಿಸಿದ್ದೀರಲ್ಲ, ಹಾರೆಗೆ ಕಲ್ಲಿನ ಹಾಗೆ ಏನೋ ಸಿಗುತ್ತದೆ. ತೊಳೆದರೆ ನರ್ತೆ, ಬಾಯಿ ಭದ್ರ. ಸತ್ತಿದೆ ಅಂತ ಎಸೆಯಬೇಡಿ. ಒಂದು ಬಕೆಟ್ ನೀರಲ್ಲಿ ಹಾಕಿಡಿ. ನಮ್ಮ ಮನೆಯಲ್ಲಿ ಹಾಗೆ ಇಟ್ಟದ್ದು ರಾತ್ರಿ ಬಕೆಟಿನ ಅಂಚು ಹತ್ತಿ ಬಚ್ಚಲು ದಾಟಿ ಅಡಿಗೆಮನೆಗೆ ಹೋಗಿತ್ತು. ಬೆಳಿಗ್ಗೆ ಹೆಂಡತಿ ಹಾಕಿದ ಬೊಬ್ಬೆ ಇನ್ನೂ ಕಿವಿಯಲ್ಲಿದೆ.

ಇಷ್ಟು ಭದ್ರ ಬಾಗಿಲಿಗೂ ಒಬ್ಬ ಕಳ್ಳ ಇದ್ದಾನೆ. ಬಾಯ್ಕಳಕ. ಈಗೀಗ ನಮ್ಮ ಬೈಲುಗಳಲ್ಲೂ ಕಾಣುತ್ತದೆ. ಬೂದು ಬಿಳಿ ಮೈಯ ದೊಡ್ಡ ಕೊಕ್ಕರೆ, ರೆಕ್ಕೆಯ ಅಂಚು ಕಪ್ಪು. ಕೊಕ್ಕು ಮುಚ್ಚಿದರೂ ನಡುವೆ ಸಂದು ಉಳಿಯುತ್ತದೆ, ಅಡಿಕೆ ಕತ್ತರಿ ಸರಿಯಾಗಿ ಕೂರದ ಹಾಗೆ. ಆ ಸಂದಿನಲ್ಲಿ ನರ್ತೆಯನ್ನು ಇಟ್ಟು ಅಡಿಕೆ ಒಡೆದ ಹಾಗೆ ಒಡೆಯುತ್ತದೆ ಅಂತ ನಾನೂ ಬಹಳ ವರ್ಷ ಮಕ್ಕಳಿಗೆ ಪಾಠ ಮಾಡಿದ್ದೆ. ತಪ್ಪು. ಅದು ನರ್ತೆ ತಿಂದ ಜಾಗದಲ್ಲಿ ಬಿದ್ದಿರುವ ಚಿಪ್ಪುಗಳನ್ನು ನೋಡಿ, ಹೆಚ್ಚಿನವು ಇಡಿಯಾಗಿ ಇರುತ್ತವೆ. ಅದು ಮಾಡುವುದು ಬೇರೆ. ನೀರೊಳಗೇ ಚಿಪ್ಪನ್ನು ನೆಲಕ್ಕೆ ಒತ್ತಿ ಹಿಡಿದು, ಕೆಳಗಿನ ಕೊಕ್ಕಿನ ಚೂಪು ತುದಿಯನ್ನು ಮುಚ್ಚಳದ ಸಂದಿಗೆ ತೂರಿಸಿ, ಆ ದಪ್ಪ ಸ್ನಾಯುವನ್ನೇ ಕತ್ತರಿಸುತ್ತದೆ. ಸ್ನಾಯು ಹೋದರೆ ಮುಚ್ಚಳ ಎಳೆದು ಹಿಡಿಯುವವರು ಯಾರು? ಮಾಂಸ ಇಡಿಯಾಗಿ ಹೊರಗೆ. ಕೆಳಕೊಕ್ಕಿನ ತುದಿ ಎಷ್ಟೋ ಹಕ್ಕಿಗಳಲ್ಲಿ ಸ್ವಲ್ಪ ಬಲಕ್ಕೆ ತಿರುಚಿಕೊಂಡಿರುತ್ತದೆ. ನರ್ತೆಯ ಸುರುಳಿಯೂ ಬಲಕ್ಕೇ. ಮರಿಗಳಿಗೆ ಕೊಕ್ಕಿನ ಸಂದು ಇರುವುದಿಲ್ಲ, ಬೆಳೆಯುತ್ತಾ ಬರುತ್ತದೆ. 19ನೇ ಶತಮಾನದಲ್ಲಿ ಭಾರತದ ಹಕ್ಕಿಗಳ ಬಗ್ಗೆ ಬರೆದ ಜೆರ್ಡನ್ ಎಂಬ ವೈದ್ಯ, ಕಣ್ಣು ಕಟ್ಟಿದರೂ ಈ ಹಕ್ಕಿ ಚಿಪ್ಪು ಹಿಡಿಯುತ್ತದೆ ಅಂತ ಬರೆದಿಟ್ಟಿದ್ದಾನೆ. ಕೆಸರು ನೀರಲ್ಲಿ ಕಣ್ಣಿಗೆ ಏನು ಕೆಲಸ, ಕೊಕ್ಕಿಗೇ ತಿಳಿಯುತ್ತದೆ.

ಹಕ್ಕಿಗೆ ನರ್ತೆಯ ಉತ್ತರ ಏನು? ಕಾಣಿಸಿಕೊಳ್ಳದಿರುವುದು. ಪೈಲಾಕ್ಕೆ ಕಿವಿರೂ ಇದೆ, ಶ್ವಾಸಕೋಶವೂ ಇದೆ. ಗಾಳಿ ಬೇಕಾದಾಗ ಎಡಬದಿಯ ಚರ್ಮದ ಮಡಿಕೆಯನ್ನು ಕೊಳವೆಯಂತೆ ಸುತ್ತಿ ನೀರಿನ ಮೇಲಕ್ಕೆ ಚಾಚುತ್ತದೆ. ಮೈ ಕೆಳಗೆ ಎಲೆಯ ಮರೆಯಲ್ಲಿ, ಬರೀ ಕೊಳವೆ ಮೇಲೆ. ಗದ್ದೆಯ ಬದುವಿನಲ್ಲಿ ಅಲ್ಲಾಡದೆ ಕೂತರೆ ನೋಡಬಹುದು. ನಿಮ್ಮ ನೆರಳು ನೀರಿನ ಮೇಲೆ ಬಿದ್ದರೆ ಕೊಳವೆ ಒಳಗೆ, ಹುಳ ಹಿಡಿತ ಬಿಟ್ಟು ಕಲ್ಲಿನ ಹಾಗೆ ತಳಕ್ಕೆ.

ಏನಮ್ಮ? ಮೇಲೆ ಬಂತಾ? ಎಷ್ಟು? ಎಡಗಡೆಯದ್ದರಲ್ಲಿ ಏಳು. ಬಲಗಡೆಯದ್ದರಲ್ಲಿ ಒಂದು. ಎಲ್ಲರೂ ಒಮ್ಮೆ ಬಂದು ನೋಡಿಹೋಗಿ, ಪುರ್ಸೊತ್ತಿದೆ. ಎಡ ಬಾಟ್ಲಿಯಲ್ಲಿ ಎರಡು ನೀರಿನ ಗೆರೆಯಿಂದಲೂ ಮೇಲೆ, ಒಣ ಗಾಜಿನ ಮೇಲೆ ಕೂತಿವೆ. ನೀರಿನ ಪ್ರಾಣಿ ನೀರು ಬಿಟ್ಟು ಹೊರಗೆ ಬಂದಿದೆ.

ನಾನು ಇವತ್ತು ಹೇಳಬೇಕು ಅಂತ ಬಂದದ್ದು ಇದನ್ನೇ. ಚಿಪ್ಪು ಎಲ್ಲರಿಗೂ ಕಾಣುತ್ತದೆ, ಹಾಗಾಗಿ ಬಸವನಹುಳದ ರಕ್ಷಣೆ ಅಂದರೆ ಚಿಪ್ಪು ಅಂದುಕೊಳ್ಳುತ್ತೇವೆ. ಆದರೆ ಶತ್ರು ಚಿಪ್ಪಿಗೆ ಬಾಯಿ ಹಾಕುವ ಎಷ್ಟೋ ಮೊದಲೇ ಈ ಹುಳದ ಕೆಲಸ ಶುರುವಾಗಿರುತ್ತದೆ. ಅದು ನೀರನ್ನು ಮೂಸುತ್ತದೆ. ಕಣ್ಣು ಇದೆ, ಆದರೆ ಬೆಳಕು, ನೆರಳು ತಿಳಿಯುವಷ್ಟೇ ಅಂದರೂ ನಡೆದೀತು. ಸುದ್ದಿಯೆಲ್ಲ ಬರುವುದು ನೀರಿನಲ್ಲಿ ಕರಗಿದ ವಾಸನೆಯಿಂದ. ಜಜ್ಜಿದ ತನ್ನವರ ವಾಸನೆ ಬಂತು ಅಂದರೆ ಹತ್ತಿರದಲ್ಲಿ ಯಾರೋ ಊಟಕ್ಕೆ ಕೂತಿದ್ದಾರೆ ಅಂತ ಅರ್ಥ.

ಇವಕ್ಕೆ ಮುಚ್ಚಳ ಇಲ್ಲ, ಬಾಟ್ಲಿ ಎತ್ತಿ ನೋಡಿ. ಚಿಪ್ಪೂ ತೆಳು, ಬೆರಳಲ್ಲಿ ಒತ್ತಿದರೆ ಮುಗಿಯಿತು. ಮೂಗೇ ಇವಕ್ಕೆ ಬಾಗಿಲು. ಇದರ ಹೆಸರು ಫೈಸಾ ಅಕ್ಯೂಟಾ. 1805ರಲ್ಲಿ ಫ್ರಾನ್ಸಿನಲ್ಲಿ ಸಿಕ್ಕಿದ್ದಕ್ಕೆ ಈ ಹೆಸರು ಇಟ್ಟರು. ಆಮೇಲೆ ನೋಡಿದರೆ ಮೂಲ ಊರು ಉತ್ತರ ಅಮೆರಿಕ. ಯಾವಾಗಲೋ ಹಡಗು ಹತ್ತಿ ಬಂದಿತ್ತು. ಹೀಗೆ ಊರೂರು ತಿರುಗಿದ ಇದರ ಮೇಲೆ ಪ್ರಯೋಗಗಳೂ ಬಹಳ ಆಗಿವೆ.

ಒಂದು ಗಮ್ಮತ್ತಿನ ವಿಷಯ ಕೇಳಿ. ಅಮೆರಿಕದ ಕೆರೆಗಳಲ್ಲಿ ಫೈಸಾಕ್ಕೆ ಇಬ್ಬರು ದೊಡ್ಡ ಶತ್ರುಗಳು. ಒಂದು ಮೀನು. ಇನ್ನೊಂದು ಕ್ರೇಫಿಶ್. ದೊಡ್ಡ ಸಿಗಡಿಗೆ ಏಡಿಯ ಇಕ್ಕಳ ಕಾಲು ಅಂಟಿಸಿದರೆ ಹೇಗೋ ಹಾಗೆ. ಮೀನು ನಡುನೀರಿನಲ್ಲಿ, ಮೇಲಿನಿಂದ ಬರುತ್ತದೆ. ಕ್ರೇಫಿಶ್ ತಳದಲ್ಲಿ ನಡೆದು ಬರುತ್ತದೆ. ಹುಳಗಳಿಗೆ ಮೀನಿನ ವಾಸನೆಯ ನೀರು ಕೊಟ್ಟರೆ ಕಲ್ಲಿನಡಿಗೆ ಹೋಗುತ್ತವೆ. ಕ್ರೇಫಿಶ್ ವಾಸನೆಯ ನೀರು ಕೊಟ್ಟರೆ ಮೇಲೆ ಹತ್ತುತ್ತವೆ. ಅಂದರೆ ಬರೀ "ಅಪಾಯ" ಅಂತಲ್ಲ, ಯಾರು ಬಂದಿದ್ದಾರೆ ಅಂತಲೂ ಗೊತ್ತು. ಇನ್ನೂ ಒಂದು ಹೆಜ್ಜೆ ಮುಂದೆ. ಹುಳ ತಿಂದು ಬಂದ ಶತ್ರುವಿನ ವಾಸನೆಗೆ ಹೆದರಿಕೆ ಜಾಸ್ತಿ, ಬೇರೆ ಏನೋ ತಿಂದು ಬಂದದ್ದಕ್ಕೆ ಕಡಿಮೆ. ಹೊಟ್ಟೆ ತುಂಬಿದ್ದು ಯಾವುದರಿಂದ ಅಂತಲೂ ನೀರೇ ಹೇಳುತ್ತದೆ.

ಮೈಯ ಆಕಾರವೇ ಬದಲಾಗುವುದು ನನಗೆ ಎಲ್ಲಕ್ಕಿಂತ ಅಚ್ಚರಿ. ಡಿವಿಟ್ ಎಂಬವರು 1998ರಲ್ಲಿ ಬರೆದದ್ದು. ಮರಿಗಳನ್ನು ಮೀನಿನ ವಾಸನೆಯಲ್ಲಿ ಬೆಳೆಸಿದರೆ ಚಿಪ್ಪು ದುಂಡಗಾಗುತ್ತದೆ. ದುಂಡನೆಯದನ್ನು ಬಾಯಿಯಲ್ಲಿ ಒಡೆಯುವುದು ಮೀನಿಗೆ ಕಷ್ಟ, ಪುನರ್ಪುಳಿಯ ಬೀಜಕ್ಕಿಂತ ಗೋಲಿ ಕಚ್ಚುವುದು ಕಷ್ಟ ಆದ ಹಾಗೆ. ಕ್ರೇಫಿಶ್ ವಾಸನೆಯಲ್ಲಿ ಬೆಳೆಸಿದರೆ ಚಿಪ್ಪು ಉದ್ದ, ಬಾಯಿ ಕಿರಿದು. ಇಕ್ಕಳ ಕಾಲು ಒಳಗೆ ತೂರಬಾರದಲ್ಲ. ಎರಡೂ ಒಟ್ಟಿಗೆ ಆಗುವುದಿಲ್ಲ. ಮೀನಿಗೆ ಸರಿಯಾಗಿ ಬೆಳೆದದ್ದು ಕ್ರೇಫಿಶ್‌ಗೆ ಸಸಾರ, ಕ್ರೇಫಿಶ್‌ಗೆ ಸರಿಯಾಗಿ ಬೆಳೆದದ್ದು ಮೀನಿಗೆ ಸಸಾರ.

ಅದಕ್ಕಿಂತ ಮೊದಲು, 1990ರಲ್ಲಿ, ಕ್ರೌಲ್ ಮತ್ತು ಕೋವಿಚ್ ಅಂತ ಇಬ್ಬರು ಹುಳದ ಆಯಸ್ಸಿನ ಲೆಕ್ಕ ನೋಡಿದರು. ಫೈಸಾದ ಒಂದು ಹತ್ತಿರದ ಬಂಧು. ಶಾಂತ ನೀರಿನಲ್ಲಿ ಅದು ಸುಮಾರು ಮೂರೂವರೆ ತಿಂಗಳಿಗೆ 4 ಮಿಲಿಮೀಟರ್ ಬೆಳೆದು ಮೊಟ್ಟೆ ಇಡಲು ಶುರು ಮಾಡುತ್ತದೆ. ಕ್ರೇಫಿಶ್ ತನ್ನವರನ್ನು ತಿನ್ನುತ್ತಿರುವ ವಾಸನೆ ಇದ್ದರೆ ಮೊಟ್ಟೆಯ ಗೋಜಿಗೇ ಹೋಗುವುದಿಲ್ಲ. ತಿಂದದ್ದೆಲ್ಲ ಮೈಗೆ. ಎಂಟು ತಿಂಗಳಲ್ಲಿ 10 ಮಿಲಿಮೀಟರ್ ಆದ ಮೇಲೆಯೇ ಸಂಸಾರ. ಅಷ್ಟು ದೊಡ್ಡದಾದರೆ ಆ ಇಕ್ಕಳಕ್ಕೆ ಸುಲಭದ ತುತ್ತಲ್ಲ. ಮೊದಲು ಮನೆ ಗಟ್ಟಿ ಮಾಡಿಕೊಂಡು ಆಮೇಲೆ ಮದುವೆ ಅನ್ನುವ ನಮ್ಮ ಹಳೇ ಕಾಲದ ಹಿರಿಯರ ಲೆಕ್ಕ.

ಹಾಗಾದರೆ ಯಾವಾಗಲೂ ಹೆದರಿಕೊಂಡೇ ಇರಬಹುದಲ್ಲ ಅಂತ ಕೇಳಬಹುದು. ಆಗುವುದಿಲ್ಲ. ಬಾಟ್ಲಿಯ ಮೇಲೆ ಹತ್ತಿ ಕೂತ ಆ ಎರಡು ಹುಳಗಳು ಈಗ ಏನೂ ತಿನ್ನುತ್ತಿಲ್ಲ. ಮೈ ಒಣಗುತ್ತಿದೆ. ತೋಡಿನ ಬದಿಯಾಗಿದ್ದರೆ ಇರುವೆಗೋ ಹುಂಡುಕೋಳಿಗೋ ಸಿಗುತ್ತಿದ್ದವು. ಒಂದೆರಡು ಗಂಟೆಯಲ್ಲಿ ಇಳಿಯಲೇಬೇಕು.

ಕೆನಡಾದ ಕ್ಯಾಲ್ಗರಿಯಲ್ಲಿ ಲಿಮ್ನಿಯಾ ಎಂಬ ಕೊಳದ ಹುಳಕ್ಕೆ ಪಾಠ ಮಾಡುತ್ತಾರೆ. ತಮಾಷೆ ಅಲ್ಲ. ಆಮ್ಲಜನಕ ಕಡಿಮೆ ಇರುವ ನೀರಲ್ಲಿ ಬಿಟ್ಟರೆ ಅದು ಮತ್ತೆ ಮತ್ತೆ ಮೇಲೆ ಬಂದು ಉಸಿರಿನ ರಂಧ್ರ ತೆರೆಯುತ್ತದೆ. ತೆರೆದಾಗಲೆಲ್ಲ ಕಡ್ಡಿಯಿಂದ ಮೆಲ್ಲ ಚುಚ್ಚುತ್ತಾರೆ. ಸ್ವಲ್ಪ ಹೊತ್ತಿಗೆ ಹುಳ ಕಲಿಯುತ್ತದೆ, ತೆರೆಯುವುದು ಕಡಿಮೆ ಮಾಡುತ್ತದೆ. ಅರ್ಧ ಗಂಟೆಯ ಒಂದೇ ಪಾಠವಾದರೆ ಕೆಲವು ಗಂಟೆಗಳಲ್ಲಿ ಮರೆಯುತ್ತದೆ. ಅದೇ ಪಾಠವನ್ನು ಕ್ರೇಫಿಶ್ ವಾಸನೆಯ ನೀರಿನಲ್ಲಿ ಮಾಡಿದರೆ ಮಾರನೇ ದಿನವೂ ನೆನಪಿರುತ್ತದೆ. ಬೆತ್ತ ಹಿಡಿದ ಮಾಷ್ಟ್ರು ಹೇಳಿದ ಮಗ್ಗಿ ಮರೆಯದ ಹಾಗೆ ಅಂತ ನನ್ನ ವಯಸ್ಸಿನವರು ನಗಬಹುದು. ನಾನು ಬೆತ್ತದ ಪರ ಅಲ್ಲ, ಹುಳದ ಸುದ್ದಿ ಹೇಳಿದೆ ಅಷ್ಟೇ.

ವಾಸನೆ ತಪ್ಪಿಯೂ ಶತ್ರು ಮೈಮೇಲೆ ಬಂದೇಬಿಟ್ಟರೆ? ಜಿಗಣೆಯ ವಿಷಯದಲ್ಲಿ ಹಾಗಾಗುತ್ತದೆ. ಜಿಗಣೆ ಚಿಪ್ಪು ಒಡೆಯುವುದಿಲ್ಲ, ಬಾಯಿಯೊಳಗೆ ನುಗ್ಗುತ್ತದೆ. ಆಗ ಫೈಸಾ ಚಿಪ್ಪನ್ನು ಎಡಕ್ಕೂ ಬಲಕ್ಕೂ ಜೋರಾಗಿ ಜಾಡಿಸುತ್ತದೆ. ಕೋಲ ಕಟ್ಟಿದವರಿಗೆ ಆವೇಶ ಬಂದ ಹಾಗೆ. ಮನೆಯಲ್ಲಿ ಒಂದು ಬ್ರಶ್‌ನ ಕೂದಲಿನಿಂದ ಮೈಯ ಅಂಚು ಮುಟ್ಟಿ ನೋಡಿದೆ, ಹಾಗೆಯೇ ಜಾಡಿಸಿತು. ಇನ್ನು ಕೆಲವು ಒಳಗಿನ ಗಾಳಿಯ ಗುಳ್ಳೆ ಬಿಟ್ಟು ತಟ್ಟನೆ ಮುಳುಗುತ್ತವೆ. ಲಿಮ್ನಿಯಾ ತೀರಾ ಹೆದರಿದರೆ ಮೈಯನ್ನು ಪೂರ್ತಿ ಚಿಪ್ಪಿನೊಳಗೆ ತುಂಬಿಸಲಿಕ್ಕೆ ಜಾಗ ಸಾಲದೆ ತನ್ನ ರಕ್ತವನ್ನೇ ಒಂದು ರಂಧ್ರದಿಂದ ಹೊರಗೆ ಬಿಡುತ್ತದೆ. ನಮ್ಮ ಹೊಂಡಗಳಲ್ಲಿ ಚಕ್ಕುಲಿಯ ಹಾಗೆ ಚಪ್ಪಟೆ ಸುತ್ತಿಕೊಂಡ ಕಂದು ಹುಳ ನೋಡಿರಬಹುದು, ಇಂಡೋಪ್ಲಾನಾರ್ಬಿಸ್. ಅದರ ರಕ್ತ ನಮ್ಮದರ ಹಾಗೆ ಕೆಂಪು. ಕಾಲಿಗೆ ಸಿಕ್ಕಿ ಒಡೆದರೆ ಕೆಂಪು ಕಂಡು ನಮಗೇ ಗಾಯವಾಯಿತೇನೋ ಅನ್ನಿಸುತ್ತದೆ. ದನಕ್ಕೆ ಮೂಗಿನ ರೋಗ ತರುವ ಒಂದು ಹುಳದ ಮರಿಗಳು ಬೆಳೆಯುವುದೂ ಇದರೊಳಗೆ. ಅದು ಇನ್ನೊಂದು ದಿನದ ಉಪನ್ಯಾಸ.

ಬಲ, ಎಡ ಅಂದೆ. ತುದಿ ಮೇಲೆ ಮಾಡಿ, ಬಾಯಿ ನಿಮ್ಮ ಕಡೆ ಹಿಡಿಯಿರಿ. ತೋಡಿನ ಚಿಪ್ಪಿನ ಬಾಯಿ ಬಲಗಡೆ. ಫೈಸಾದ ಬಾಯಿ ಎಡಗಡೆ. ಹೆಚ್ಚಿನ ಬಸವನಹುಳಗಳು ಬಲದವು. ದೇವರಕೋಣೆಯಲ್ಲಿ ಬಲಮುರಿ ಶಂಖ ಇಟ್ಟವರಿದ್ದರೆ ಕೇಳಿ. ವಿಜ್ಞಾನಿಗಳ ಲೆಕ್ಕದಲ್ಲಿ ಅದು ಎಡಮುರಿ. ನಾವು ಹಿಡಿಯುವ ಕ್ರಮ ಬೇರೆ, ಅವರು ಹಿಡಿಯುವ ಕ್ರಮ ಬೇರೆ. ಅಪರೂಪ ಅನ್ನುವುದರಲ್ಲಿ ಇಬ್ಬರಿಗೂ ಒಮ್ಮತ. ಈಗ ಶತ್ರುವಿನ ಕಡೆಯಿಂದ ನೋಡಿ. ಜಪಾನಿನ ಒಂದು ನೀರುದುಂಬಿಯ ಮರಿಗೆ ಎರಡು ದವಡೆ ಒಂದೇ ತರ ಇಲ್ಲ, ಬಲಗೈ ಹುಳ ಒಡೆಯಲಿಕ್ಕೆ ಹೊಂದುವ ಹಾಗೆ ಸೊಟ್ಟ ಬೆಳೆದಿವೆ. 2003ರಲ್ಲಿ ಅಲ್ಲಿನವರು ಅದಕ್ಕೆ ಎಡಗೈ ಹುಳ ಕೊಟ್ಟು ನೋಡಿದರು. ಒದ್ದಾಡಿತು. ಎಡಗೈಯವರು ಬಲಗೈ ಕತ್ತರಿಯಲ್ಲಿ ಬಟ್ಟೆ ಕತ್ತರಿಸಿದ ಹಾಗೆ. ನಮ್ಮ ಶಾಲೆಯಲ್ಲಿ ಎಡಗೈಯಲ್ಲಿ ಬರೆದರೆ ಬೈಯುತ್ತಿದ್ದ ಕಾಲ ಇತ್ತು. ಈ ಹುಳಕ್ಕೆ ಅದೇ ಎಡಗೈ ಜೀವ ಉಳಿಸುತ್ತದೆ.

ಮೊಟ್ಟೆ, ಮರಿಗಳ ವಿಷಯ ಬೇಗ ಹೇಳುತ್ತೇನೆ. ತೋಡಿನ ಉದ್ದ ಚಿಪ್ಪಿನ ಹುಳಗಳಲ್ಲಿ ಹಲವು ಮೊಟ್ಟೆಯನ್ನು ಹೊರಗೆ ಇಡುವುದೇ ಇಲ್ಲ, ಒಳಗೇ ಇಟ್ಟುಕೊಂಡು ಚಿಪ್ಪಿರುವ ಮರಿ ಹಾಕುತ್ತವೆ. ಪೈಲಾ ನೀರು ಬಿಟ್ಟು ಬದುವಿನ ಹಸಿಮಣ್ಣಿನ ಗುಳಿಯಲ್ಲಿ ಮೊಟ್ಟೆ ಇಡುತ್ತದೆ, ಮೀನಿಗೆ ಸಿಗದ ಹಾಗೆ. ಅದರ ದಕ್ಷಿಣ ಅಮೆರಿಕದ ದಾಯಾದಿ ಪೊಮೇಸಿಯಾ ಮೊಟ್ಟೆಯನ್ನು ನೀರಿನ ಮೇಲಿನ ದಂಟಿಗೆ, ಢಾಳಾದ ಗುಲಾಬಿ ಬಣ್ಣದಲ್ಲಿ, ಎಲ್ಲರಿಗೂ ಕಾಣುವ ಹಾಗೆ ಅಂಟಿಸುತ್ತದೆ. ಅಷ್ಟು ಧೈರ್ಯ ಹೇಗೆ? ಮೊಟ್ಟೆಯೊಳಗೆ ವಿಷ. ನರಕ್ಕೆ ಹಾನಿ ಮಾಡುವ ಒಂದು ಪ್ರೋಟೀನು, ಜೀರ್ಣ ಆಗದ ಹಾಗೆ ತಡೆಯುವ ಇನ್ನೊಂದು. ಅಲ್ಲಿ ಈ ಹುಳವನ್ನೇ ತಿಂದು ಬದುಕುವ ಹದ್ದು ಕೂಡ ಮೊಟ್ಟೆಯ ರಸ ತಯಾರಾಗುವ ಗ್ರಂಥಿಯನ್ನು ಕಿತ್ತು ಬದಿಗೆ ಎಸೆದು ಉಳಿದದ್ದನ್ನು ತಿನ್ನುತ್ತದೆ. 1980ರ ಆಸುಪಾಸಿನಲ್ಲಿ ತಿನ್ನಲಿಕ್ಕೆ ಸಾಕುತ್ತೇವೆ ಅಂತ ಇದನ್ನು ತೈವಾನಿಗೆ ತಂದರು. ಅಲ್ಲಿಂದ ಪೂರ್ವ ಏಷ್ಯಾದ ಭತ್ತದ ಗದ್ದೆಗಳಿಗೆಲ್ಲ ಹಬ್ಬಿ ರೈತರ ತಲೆನೋವಾಯಿತು. ತೋಟದ ಕೆರೆಯಲ್ಲಿ ಗುಲಾಬಿ ಮೊಟ್ಟೆಯ ಗೊಂಚಲು ಎಲ್ಲಾದರೂ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. ಫೋಟೋ ತೆಗೆದು ಕೃಷಿ ಆಫೀಸಿಗೆ ತೋರಿಸಿ.

ಇನ್ನೊಂದು ವಿಷಯ ಹೇಳದೆ ಇಳಿದರೆ ನನಗೇ ಸಮಾಧಾನ ಇಲ್ಲ. ಇಲ್ಲಿ ಕೂತವರಲ್ಲಿ ಮುಕ್ಕಾಲು ಪಾಲು ಅಡಿಕೆಯವರು. ಮಳೆಗೆ ಮೊದಲು, ಅಡಿಕೆ ಕಾಯಿ ಕೊಳೆಸುವ ಮಹಾಳಿ ರೋಗಕ್ಕೆ ಮದ್ದು ಬಿಡುತ್ತೇವೆ. ನಾನೂ ಬಿಡಿಸುತ್ತೇನೆ, ಬಿಡದೆ ಅಡಿಕೆ ಉಳಿಯುವುದಿಲ್ಲ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತು ಅಂದರೆ ತಾಮ್ರ. ಬಸವನಹುಳಕ್ಕೆ ತಾಮ್ರ ಆಗುವುದೇ ಇಲ್ಲ. ಈಜಿಪ್ಟಿನಲ್ಲಿ ರೋಗ ಹರಡುವ ಹುಳ ಕೊಲ್ಲಲಿಕ್ಕೆ ಅಂತಲೇ ಕಾಲುವೆಗಳಿಗೆ ಮೈಲುತುತ್ತು ಹಾಕುತ್ತಿದ್ದರು. ಕೊಕ್ಕರೆಗೆ ಮರೆಯಾಗುವುದಿದೆ, ಏಡಿಗೆ ಕಿರಿದು ಬಾಯಿ ಇದೆ, ಜಿಗಣೆಗೆ ಜಾಡಿಸುವುದಿದೆ. ತಾಮ್ರಕ್ಕೆ ಏನಿದೆ? ಮುಚ್ಚಳ ಇರುವಂಥದ್ದು ಸ್ವಲ್ಪ ಹೊತ್ತು ಬಾಯಿ ಮುಚ್ಚಿ ಕೂತೀತು. ಇಲ್ಲದ್ದು ಮೇಲೆ ಹತ್ತೀತು.

ಮದ್ದು ಬಿಡಬೇಡಿ ಅಂತ ನಾನು ಹೇಳುವುದಿಲ್ಲ. ಡ್ರಮ್ಮು ತೊಳೆದ ನೀರನ್ನು ತೋಡಿಗೆ ಚೆಲ್ಲುವ ಅಭ್ಯಾಸ ನಮ್ಮ ತೋಟದಲ್ಲೂ ಇತ್ತು. ತೊಳೆಯಲಿಕ್ಕೆ ತೋಡಿನ ಬದಿಯೇ ಸಸಾರ ಅಲ್ವಾ, ನೀರು ಕೈಗೆ ಸಿಗುತ್ತದೆ. ಒಂದು ವರ್ಷ ಹಾಗೆ ತೊಳೆದ ಮಾರನೇ ದಿನ ಕಟ್ಟದ ಕೆಳಗಿನ ಗುಂಡಿಯಲ್ಲಿ ನೋಡಿದೆ. ಬಂಡೆಗೆ ಅಂಟಿಕೊಂಡಿರುತ್ತಿದ್ದ ಹುಳಗಳೆಲ್ಲ ತಳದಲ್ಲಿ ಬಿದ್ದಿದ್ದವು, ಪಾದ ಹೊರಗೆ ಜೋತು. ಒಂದೆರಡು ಮಾತ್ರ ನೀರಿನ ಮೇಲಿನ ಬೇರಿನಲ್ಲಿ ಹತ್ತಿ ಕೂತಿದ್ದವು, ಈ ಬಾಟ್ಲಿಯಲ್ಲಿ ಕೂತ ಹಾಗೆಯೇ. ಈಗ ಡ್ರಮ್ಮನ್ನು ಗುಡ್ಡೆಯ ಬದಿಗೆ ಒಯ್ದು ತೊಳೆಯಿಸುತ್ತೇನೆ. ಕೆಲಸದವರಿಗೆ ನೀರು ಹೊರುವ ಕೆಲಸ ಜಾಸ್ತಿಯಾಯಿತು, ಗೊಣಗುತ್ತಾರೆ.

ಬಲಗಡೆಯ ಬಾಟ್ಲಿಯಲ್ಲಿ ಒಂದು ಯಾಕೆ ಮೇಲೆ ಬಂತು ಅಂತ ಆ ಹುಡುಗಿ ಆಗಿನಿಂದ ಕೈ ಎತ್ತಿದ್ದಾಳೆ. ಒಳ್ಳೆಯ ಪ್ರಶ್ನೆ. ಈಗ ನೋಡು, ಅದು ಅಲ್ಲಿ ಇಲ್ಲ, ಇಳಿದಿದೆ. ಅದು ಉಸಿರಾಡಲಿಕ್ಕೆ ಬಂದದ್ದು, ಇವಕ್ಕೂ ಶ್ವಾಸಕೋಶ ಇದೆ. ಅದಕ್ಕೇ ಎರಡು ಬಾಟ್ಲಿ ಇಟ್ಟದ್ದು. ಒಂದೇ ಇದ್ದಿದ್ದರೆ ಉಸಿರಿಗೆ ಬಂದದ್ದನ್ನೂ ಹೆದರಿ ಬಂದದ್ದು ಅಂತ ನಾನು ನಿಮಗೆ ಮಂಗ ಮಾಡಬಹುದಿತ್ತು.

ಬಾಟ್ಲಿ ಬೇಕಾದವರು ಮನೆಗೆ ಒಯ್ಯಬಹುದು, ಮಕ್ಕಳು ಪುನಃ ಮಾಡಿ ನೋಡಲಿ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಮತ್ತೆ ಒಂದು ಮಾತು. ಆಟ ಸಾಕಾಯಿತು ಅಂತ ಇವನ್ನು ತೋಡಿಗೋ ಕೆರೆಗೋ ಚೆಲ್ಲಬೇಡಿ, ಇವು ಹೊರಗಿನವು. ಇಟ್ಟುಕೊಳ್ಳಲಿಕ್ಕೆ ಆಗದವರು ನನ್ನ ಜಗಲಿಗೆ ತಂದು ಕೊಡಿ. ಮೊಮ್ಮಗಳ ತೊಟ್ಟಿಯಲ್ಲಿ ಹೇಗೂ ಲೆಕ್ಕವಿಲ್ಲದಷ್ಟು ಇವೆ, ಇಪ್ಪತ್ತನಾಲ್ಕು ಜಾಸ್ತಿಯಾದರೆ ಅವಳಿಗೆ ಗೊತ್ತಾಗುವುದಿಲ್ಲ.